ಓದುಗರ ಪ್ರಶ್ನೆಗೆ ಉತ್ತರ: ಟಿವಿ ನೋಡಿದರೆ ತಲೆ ಚುರುಕಾದೀತೇ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಟಿವಿಯನ್ನು ಕುರಿತಾಗಿದ್ದವು, ನಾಲ್ಕೂ ನಮ್ಮ ಉತ್ತರ ಕನ್ನಡದವರೇ ಬರೆದವು. ಮಳೆ ಹಿಡಿದು ಕೂತು ಎಲ್ಲರೂ ಮನೆಯೊಳಗೇ ಇರುವ ದಿನಗಳಾದ್ದರಿಂದ ಹೀಗಾಗಿರಬಹುದು. ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ನಾಲ್ಕಕ್ಕೆ ಮಾತ್ರ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಟಿವಿಯನ್ನು ‘ಮೂರ್ಖರ ಪೆಟ್ಟಿಗೆ’ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಾರವಾರದಲ್ಲಿ ಪದವಿ ಓದುತ್ತಿರುವ ಮೊಮ್ಮಗ ರಜೆಗೆ ಬಂದಾಗ ಪರದೇಶದ ಧಾರಾವಾಹಿಗಳನ್ನು ನಡುರಾತ್ರಿಯವರೆಗೆ ನೋಡುತ್ತಾನೆ. ಗದರಿಸಿದರೆ, ‘ಅಜ್ಜಾ, ಇದು ನಿನ್ನ ಕಾಲದ ಟಿವಿ ಅಲ್ಲ. ಇದನ್ನು ನೋಡಲು ತಲೆ ಬೇಕು, ನೋಡಿದರೆ ತಲೆ ಚುರುಕಾಗುತ್ತದೆ’ ಎನ್ನುತ್ತಾನೆ. ಒಂದು ದಿನ ಅವನ ಜೊತೆ ನಾನೂ ಕುಳಿತೆ. ಯಾರು ಯಾರ ಕಡೆಯವರೆಂದು ತಿಳಿಯಲು ಅರ್ಧ ತಾಸು ಹಿಡಿಯಿತು, ಆದರೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಅವನ ಮಾತಿನಲ್ಲಿ ಹುರುಳಿದೆಯೇ?
— ನಿವೃತ್ತ ಶಿಕ್ಷಕರು, ಕುಮಟಾ

ಉತ್ತರ: ಮಾಸ್ತರರೇ, ನಿಮ್ಮ ಮೊಮ್ಮಗ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದ್ದಾನೆ. ‘ನೋಡಲು ತಲೆ ಬೇಕು’ ಎಂಬುದು ನಿಜ. ‘ನೋಡಿದರೆ ತಲೆ ಚುರುಕಾಗುತ್ತದೆ’ ಎಂಬುದಕ್ಕೆ ಮಾತ್ರ ಆಧಾರ ಸಾಲದು. ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ನಮ್ಮ ದೇಶದಲ್ಲಿ ಟಿವಿ ಕಾಲಿಟ್ಟದ್ದು ಮೂರ್ಖರಿಗೆಂದು ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಮುಟ್ಟಿಸಿದಾಗ, ಅವುಗಳಲ್ಲಿ ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳ ಹಳ್ಳಿಗಳೂ ಇದ್ದವು, ಮತ್ತು ತೋರಿಸಿದ್ದು ಬೇಸಾಯ, ಆರೋಗ್ಯ, ಶಾಲೆಯ ಪಾಠ. ಆಗ ಟಿವಿ ನಿಮ್ಮಂಥವರ ಸಹೋದ್ಯೋಗಿಯಾಗಿತ್ತು. ಅದಕ್ಕೆ ಕೆಟ್ಟ ಹೆಸರು ತಂದದ್ದು ಮುಂದೆ ಬಂದ ದಿನನಿತ್ಯದ ಧಾರಾವಾಹಿಗಳ ಹೆಣಿಗೆ. ವಾರಕ್ಕೆ ಐದಾರು ದಿನ ಬರುವ ಕಥೆಯನ್ನು ಮನೆಯವರು ನೋಡುವುದು ಅನ್ನಕ್ಕಿಟ್ಟು, ಫೋನಿನಲ್ಲಿ ಮಾತಾಡುತ್ತ, ಮಗುವನ್ನು ಓದಿಗೆ ಕೂರಿಸುತ್ತ. ನಡುವೆ ಒಂದು ಕಂತು ತಪ್ಪಿಹೋದವರಿಗೂ ಎಳೆ ಸಿಗಬೇಕು. ಆದ್ದರಿಂದ ಬರೆಯುವವರು ನಡೆದದ್ದನ್ನು ಪಾತ್ರಗಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುತ್ತಾರೆ, ಒಂದು ಕೆನ್ನೆಯೇಟನ್ನು ಮೂರು ದಿಕ್ಕಿನಿಂದ ತೋರಿಸಿ ಪ್ರತಿಯೊಂದು ಮುಖದ ಮೇಲೂ ಗುಡುಗು ಹೊಡೆಸುತ್ತಾರೆ. ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿ ಬಂದರೂ ಕಥೆ ಬಿಟ್ಟಲ್ಲಿಯೇ ನಿಂತಿರುತ್ತದೆ. ಅದು ಬರೆದವರ ದಡ್ಡತನವಲ್ಲ, ನೋಡುವವರಿಗೆ ಯಾವ ಕೆಲಸವನ್ನೂ ಉಳಿಸಬಾರದೆಂಬ ಲೆಕ್ಕಾಚಾರ.

ನಿಮ್ಮ ಮೊಮ್ಮಗ ನೋಡುವ ಬಗೆಯ ಧಾರಾವಾಹಿಗಳ ಲೆಕ್ಕಾಚಾರ ಇದರ ತಿರುವುಮುರುವು. ಅವನು ಯಾವುದನ್ನು ನೋಡುತ್ತಾನೆಂದು ನೀವು ಬರೆದಿಲ್ಲ, ಆದ್ದರಿಂದ ನಾನು ಬಲ್ಲ ಒಂದನ್ನು ಹೇಳುತ್ತೇನೆ. 2002ರಿಂದ 2008ರವರೆಗೆ ಅಮೆರಿಕದಲ್ಲಿ ಬಂದ ‘ದ ವೈರ್’ ಎಂಬ 60 ಕಂತುಗಳ ಧಾರಾವಾಹಿ ಬಾಲ್ಟಿಮೋರ್ ನಗರದ ಕಥೆ. ಮೊದಲ ಭಾಗದಲ್ಲಿ ಮಾದಕ ವಸ್ತು ಮಾರುವವರು ಮತ್ತು ಪೊಲೀಸರು, ಎರಡನೆಯದರಲ್ಲಿ ಬಂದರಿನ ಕೂಲಿಗಳು, ಮುಂದೆ ನಗರದ ರಾಜಕಾರಣ, ಶಾಲೆ, ಕೊನೆಗೆ ಪತ್ರಿಕೆ. ಮೊದಲ ಕಂತಿನಲ್ಲಿ ಹೆಸರೂ ಹೇಳದೆ ಸುಳಿದುಹೋದವನು ಎಷ್ಟೋ ಕಂತುಗಳ ಮೇಲೆ ಮುಖ್ಯನಾಗುತ್ತಾನೆ, ಅವನು ಯಾರೆಂದು ಯಾರೂ ನೆನಪು ಮಾಡಿಕೊಡುವುದಿಲ್ಲ. ಬೈತಖೋಲ ಬಂದರಿನ ದಕ್ಕೆಯಲ್ಲಿ ಹೊಸಬನೊಬ್ಬ ಬೆಳಿಗ್ಗೆ ಹೋಗಿ ನಿಂತರೆ, ದೋಣಿ ಯಾರದು, ದಲಾಲಿ ಯಾರು, ಯಾರ ಮಾತಿಗೆ ತೂಕ ಎಂಬುದನ್ನು ತಾನೇ ಕೇಳಿಸಿಕೊಂಡು ಜೋಡಿಸಿಕೊಳ್ಳಬೇಕಲ್ಲ, ಅಂಥ ಕೆಲಸವನ್ನೇ ಈ ಕಥೆ ನೋಡುವವನಿಗೆ ಒಪ್ಪಿಸುತ್ತದೆ. ನಿಮಗೆ ಅರ್ಧ ತಾಸು ಹಿಡಿದದ್ದು ವಯಸ್ಸಿನಿಂದಲ್ಲ, ಆ ಅರ್ಧ ತಾಸು ನಿಮ್ಮ ಬುದ್ಧಿ ಕೆಲಸ ಮಾಡುತ್ತಿತ್ತು.

ಇನ್ನು ಎರಡನೆಯ ಮಾತು. ಟಿವಿಯ ಕಥೆಗಳು ಜಟಿಲವಾದಂತೆ ಜನರ ಬುದ್ಧಿಯೂ ಬೆಳೆದಿದೆ ಎಂದು ವಾದಿಸುವವರು ಸಾಮಾನ್ಯವಾಗಿ ಐಕ್ಯೂ ಅಂಕಗಳನ್ನು ಮುಂದಿಡುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಅನೇಕ ದೇಶಗಳಲ್ಲಿ ಈ ಅಂಕಗಳು ಹತ್ತು ವರ್ಷಕ್ಕೆ ಸುಮಾರು ಮೂರರಂತೆ ಏರಿದ್ದು ನಿಜ, ಆ ಏರಿಕೆಯನ್ನು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಅದು ಟಿವಿ ಮನೆಗೆ ಬರುವ ಮೊದಲೇ ಶುರುವಾಗಿತ್ತು. ಅದಕ್ಕೆ ಒಳ್ಳೆಯ ಊಟ, ಹೆಚ್ಚು ವರ್ಷಗಳ ಶಾಲೆ, ಚಿಕ್ಕದಾದ ಕುಟುಂಬ ಹೀಗೆ ಹಲವು ಕಾರಣಗಳನ್ನು ಹೇಳುತ್ತಾರೆ. ಮೇಲಾಗಿ ನಾರ್ವೆಯಲ್ಲಿ ಸೈನ್ಯಕ್ಕೆ ಸೇರುವ ಯುವಕರ ಅಂಕಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1975ರ ಈಚೆಗೆ ಹುಟ್ಟಿದವರಲ್ಲಿ ಅಂಕ ಇಳಿಯುತ್ತ ಬಂದಿದೆ. ಅವರು ಬೆಳೆದದ್ದು ಟಿವಿಯ ಕಥೆಗಳು ಜಟಿಲವಾಗುತ್ತಿದ್ದ ಕಾಲದಲ್ಲೇ ಅಲ್ಲವೇ?

ಮೊಮ್ಮಗನ ಪರವಾಗಿಯೂ ಒಂದು ಪುರಾವೆ ಇದೆ. ಅಮೆರಿಕದ ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಕೆಲವರಿಗೆ ಪ್ರಶಸ್ತಿ ಪಡೆದ ಕಥಾಧಾರಾವಾಹಿಯ ಕಂತನ್ನೂ ಕೆಲವರಿಗೆ ಸಾಕ್ಷ್ಯಚಿತ್ರವನ್ನೂ ತೋರಿಸಿ, ಆಮೇಲೆ ಕಣ್ಣುಗಳ ಫೋಟೊ ಮಾತ್ರ ನೋಡಿ ಆ ವ್ಯಕ್ತಿಯ ಭಾವವನ್ನು ಹೇಳಲು ಕೇಳಿದರು. ಕಥೆ ನೋಡಿದವರು ಹೆಚ್ಚು ಸರಿಯಾಗಿ ಹೇಳಿದರೆಂದು 2015ರಲ್ಲಿ ವರದಿಯಾಯಿತು. ಕೇಳಲು ಹಿತವಾಗಿದೆ. ಆದರೆ ಸಣ್ಣಕಥೆ ಓದಿದವರ ಮೇಲೆ ಅದಕ್ಕೂ ಮೊದಲು ನಡೆದ ಇಂಥದೇ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಮೊದಲಿನ ಫಲ ಬರಲಿಲ್ಲ. ಆದಕಾರಣ ನಾನು ಇದನ್ನು ತಕ್ಕಡಿಯಲ್ಲಿ ಇಡುತ್ತೇನೆ, ಹೆಚ್ಚು ತೂಕ ಕೊಡುವುದಿಲ್ಲ.

ಹಾಗಾದರೆ ಒಳ್ಳೆಯದಾಗುವುದು ಎಲ್ಲಿ? ನಮ್ಮ ಸೀಮೆಯವರಿಗೆ ಇದನ್ನು ವಿವರಿಸಲು ಬಾಲ್ಟಿಮೋರಿಗೆ ಹೋಗಬೇಕಾಗಿಲ್ಲ, ಯಕ್ಷಗಾನದ ಒಂದು ಬಗೆಯಾದ ತಾಳಮದ್ದಲೆ ಸಾಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ವಾದ ಮಾಡುತ್ತಾರೆ. ‘ವಾಲಿವಧೆ’ಯ ಕೊನೆ ಏನೆಂದು ಕೇಳುವವರೆಲ್ಲರಿಗೂ ಗೊತ್ತು, ಆದರೂ ರಾತ್ರಿಯಿಡೀ ಕೂರುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ಇಂದಿನ ರಾಮ ಯಾವ ಉತ್ತರ ಕೊಟ್ಟಾನು, ಆ ಉತ್ತರ ನಿಂತೀತೇ ಬಿದ್ದೀತೇ ಎಂದು ತೂಗುವುದೇ ಅವರ ಕೆಲಸ. ತೀರ್ಪು ಪ್ರಸಂಗದಲ್ಲಿ ಮುಗಿದರೂ ಕೇಳಿದವರಲ್ಲಿ ಮುಗಿಯುವುದಿಲ್ಲ. ಬೆಳಗಿನ ಜಾವ ಮನೆಗೆ ನಡೆಯುವ ದಾರಿಯಲ್ಲಿ, ಮರುದಿನ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಮುಂದೆ, ವಾದ ಮತ್ತೆ ನಡೆಯುತ್ತದೆ. ಬುದ್ಧಿಗೆ ಬಲ ಬರುವುದು ಹೆಚ್ಚಾಗಿ ಈ ಎರಡನೆಯ ಹೊತ್ತಿನಲ್ಲಿ ಎಂಬುದು ನನ್ನ ಅನಿಸಿಕೆ. ಟಿ. ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟಿನ ದೃಶ್ಯಗಳಿಗೆ ಕನ್ನಡದ ಮನೆಗಳು ಕಾದು ಕೂರುತ್ತಿದ್ದುದೂ ಇದೇ ಕಾರಣಕ್ಕೆ ಇರಬೇಕು. ಸಾಕ್ಷಿ ಏನು ಹೇಳಿದ, ವಕೀಲರು ಮುಂದೆ ಏನು ಕೇಳಬಹುದು ಎಂದು ನೋಡುವವರೂ ಊಹಿಸಬೇಕಾಗಿತ್ತು, ಮರುದಿನ ಬಸ್ಸಿನಲ್ಲಿ ಆ ಊಹೆಗಳು ಕೈ ಬದಲಾಯಿಸುತ್ತಿದ್ದವು.

ಮೊಮ್ಮಗನ ಅಭ್ಯಾಸದಲ್ಲಿ ನನಗೆ ಸರಿಕಾಣದ್ದು ಈ ಎರಡನೆಯ ಹೊತ್ತೇ ಇಲ್ಲವಾಗಿರುವುದು. ಒಂದು ಕಂತು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಶುರುವಾಗುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಒಂದೇ ಧಾರಾವಾಹಿಯನ್ನು ಕೆಲವರಿಗೆ ವಾರಕ್ಕೊಂದು ಕಂತಿನಂತೆ, ಕೆಲವರಿಗೆ ದಿನಕ್ಕೊಂದರಂತೆ, ಉಳಿದವರಿಗೆ ಒಂದೇ ದಿನದಲ್ಲಿ ಪೂರ್ತಿಯಾಗಿ ತೋರಿಸಿದರು. ಒಂದೇ ದಿನದಲ್ಲಿ ನೋಡಿದವರಿಗೆ ಮರುದಿನ ಎಲ್ಲರಿಗಿಂತ ಹೆಚ್ಚು ನೆನಪಿತ್ತು, 140 ದಿನಗಳ ಮೇಲೆ ಕೇಳಿದಾಗ ಎಲ್ಲರಿಗಿಂತ ಬೇಗ ಮರೆತವರೂ ಅವರೇ. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಅವರಿಗೆ ನೋಡಿದ ಸುಖವೂ ವಾರಕ್ಕೊಂದು ನೋಡಿದವರಿಗಿಂತ ಕಡಿಮೆ ಎನಿಸಿತ್ತು. (ಈ ದೃಷ್ಟಿಯಿಂದ, ಜೋರು ಮಳೆಗೆ ನಮ್ಮ ಮನೆಗಳ ಡಿಶ್ ಸಿಗ್ನಲ್ ಕಡಿದುಹೋಗುವುದು ಕೆಟ್ಟದ್ದೇನಲ್ಲ.) ನೀವು ಗದರಿಸುವುದಕ್ಕಿಂತ ಅವನ ಜೊತೆ ದಿನಕ್ಕೊಂದು ಕಂತು ನೋಡಿ, ಅರ್ಥವಾಗದ್ದನ್ನೆಲ್ಲ ಅವನಲ್ಲೇ ಕೇಳಿ. ವಿವರಿಸಬೇಕಾಗಿ ಬಂದಾಗ ತಾನು ಎಷ್ಟು ಹಿಡಿದುಕೊಂಡಿದ್ದೇನೆಂದು ಅವನಿಗೂ ತಿಳಿಯುತ್ತದೆ. ಮೂವತ್ತನಾಲ್ಕು ವರ್ಷ ನೀವು ತರಗತಿಯಲ್ಲಿ ಮಾಡಿದ್ದೂ ಇದನ್ನೇ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಎಪ್ಪತ್ತೆರಡು ವರ್ಷ. ಮಾವ ತೀರಿಕೊಂಡ ಮೇಲೆ ಸಂಜೆ ಆರಕ್ಕೆ ದೀಪ ಹಚ್ಚಿ ಟಿವಿ ಮುಂದೆ ಕುಳಿತರೆ ಹತ್ತೂವರೆಯವರೆಗೆ ಒಂದಾದ ಮೇಲೊಂದು ಧಾರಾವಾಹಿ. ಈಚೆಗೆ ಹೆಸರುಗಳು ಮರೆತುಹೋಗುತ್ತಿವೆ. ಇದು ಟಿವಿಯಿಂದ ಆದದ್ದೇ? ನಿಲ್ಲಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಅವರಿಗೆ ಬೇರೆ ಜೊತೆಯೇ ಇಲ್ಲ.
— ಗೃಹಿಣಿ, ಸಿದ್ದಾಪುರ

ಉತ್ತರ: ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇಬ್ಬರು ಸಂಶೋಧಕರು 50 ವರ್ಷ ದಾಟಿದ 3,662 ಮಂದಿಯನ್ನು ಆರು ವರ್ಷಗಳ ಅಂತರದಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಮೂರೂವರೆ ತಾಸಿಗಿಂತ ಹೆಚ್ಚು ಟಿವಿ ನೋಡುವವರಲ್ಲಿ ಪದಗಳನ್ನು ನೆನಪಿಡುವ ಶಕ್ತಿ ಕಡಿಮೆ ನೋಡುವವರಿಗಿಂತ ಹೆಚ್ಚು ಕುಗ್ಗಿತ್ತು. ನಿಮ್ಮ ಅತ್ತೆಯವರ ಲೆಕ್ಕ ನಾಲ್ಕೂವರೆ ತಾಸು, ಅಂದರೆ ಆ ಗೆರೆಯಿಂದ ಒಂದು ತಾಸು ಆಚೆ. ಹಾಗೆಂದು ಟಿವಿಯೇ ಮರೆವಿಗೆ ಕಾರಣ ಎಂದು ಈ ಅಧ್ಯಯನದಿಂದ ಹೇಳಲು ಬರುವುದಿಲ್ಲ. ಮರೆವು ಶುರುವಾದವರು, ಒಂಟಿಯಾದವರು, ಮನಸ್ಸು ಕುಗ್ಗಿದವರು ಟಿವಿಯ ಮುಂದೆ ಹೆಚ್ಚು ಹೊತ್ತು ಕೂರುತ್ತಿರಲೂಬಹುದು. ಹೆಸರು ಮರೆಯುವುದು ದಿನದಿನಕ್ಕೆ ಹೆಚ್ಚುತ್ತಿದ್ದರೆ, ಹಾಲಿಟ್ಟದ್ದು, ಔಷಧ ತೆಗೆದುಕೊಂಡದ್ದು ಮರೆಯುತ್ತಿದ್ದರೆ ರಿಮೋಟಿನ ಚರ್ಚೆ ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಿವಿ ಮಂದವಾಗಿದ್ದರೂ, ಥೈರಾಯ್ಡ್ ಅಥವಾ ಬಿ12 ಕೊರತೆ ಇದ್ದರೂ ಮರೆವಿನಂತೆ ಕಾಣುವುದುಂಟು.

ಧಾರಾವಾಹಿಗಳನ್ನು ನಾನು ಮೇಲೆ ಸ್ವಲ್ಪ ಹಗುರವಾಗಿ ಆಡಿದ್ದೇನೆ, ಅದಕ್ಕೆ ಇನ್ನೊಂದು ಮುಖವೂ ಇದೆ. ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಗೋವಾ ಸೇರಿದಂತೆ ಐದು ಕಡೆಗಳ ಹಳ್ಳಿಗಳಲ್ಲಿ, 2001ರಿಂದ 2003ರವರೆಗೆ ಕೇಬಲ್ ಟಿವಿ ಬರುವ ಮೊದಲು ಮತ್ತು ಬಂದ ಮೇಲೆ ಹೆಂಗಸರನ್ನು ಮಾತಾಡಿಸಿ ನೋಡಿದ ಅರ್ಥಶಾಸ್ತ್ರಜ್ಞರಿಬ್ಬರು, ಗಂಡ ಹೊಡೆಯುವುದು ಸರಿ ಎಂದು ಒಪ್ಪುವವರ ಸಂಖ್ಯೆ, ಗಂಡುಮಗುವೇ ಬೇಕೆನ್ನುವವರ ಸಂಖ್ಯೆ ಎರಡೂ ಕಡಿಮೆಯಾದದ್ದನ್ನು ಕಂಡು 2009ರಲ್ಲಿ ಬರೆದಿದ್ದಾರೆ. ಪರದೆಯ ಮೇಲೆ ಬೇರೆ ಬಗೆಯ ಸಂಸಾರಗಳನ್ನು ನೋಡಿ ತಮ್ಮ ಬಾಳನ್ನು ಅಳೆದುಕೊಂಡದ್ದು ಬುದ್ಧಿಯ ಕೆಲಸವಲ್ಲವೆಂದು ಹೇಗೆ ಹೇಳುವುದು? ಅತ್ತೆಯವರಿಗೂ ಆ ಪಾತ್ರಗಳು ಈಗ ನೆರೆಹೊರೆಯವರಿದ್ದ ಹಾಗೆ. ಎಲ್ಲವನ್ನೂ ಒಮ್ಮೆಲೇ ಕಿತ್ತುಕೊಳ್ಳಬೇಡಿ.

ನೀವು ಮಾಡಬಹುದಾದದ್ದು ಇಷ್ಟು. ಅವರು ತೀರಾ ಇಷ್ಟಪಡುವ ಎರಡು ಧಾರಾವಾಹಿಗಳನ್ನು ಉಳಿಸಿ, ರಾತ್ರಿ ಊಟಕ್ಕೆ ಕೂತಾಗ ‘ಇವತ್ತು ಏನಾಯ್ತು ಅತ್ತೆ?’ ಎಂದು ಕೇಳಿ. ನೋಡಿದ್ದನ್ನು ಸುಮ್ಮನೆ ಮತ್ತೆ ನೋಡುವುದಕ್ಕಿಂತ ನೆನಪಿನಿಂದ ತೆಗೆದು ಹೇಳುವುದು ಹೆಚ್ಚು ಕಾಲ ಉಳಿಯುತ್ತದೆ. ಅಮೆರಿಕದಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ, ಪಾಠವನ್ನು ಮರಳಿ ಓದಿದವರಿಗಿಂತ ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದವರಿಗೆ ವಾರದ ಮೇಲೆ ಹೆಚ್ಚು ನೆನಪಿತ್ತು. ಮೂರನೆಯ ಧಾರಾವಾಹಿಯ ಜಾಗಕ್ಕೆ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಂಥ ರಸಪ್ರಶ್ನೆ ಬರಲಿ, ಸ್ಪರ್ಧಿ ಹೇಳುವ ಮೊದಲು ಅತ್ತೆ ಉತ್ತರ ಹೇಳಬೇಕೆಂದು ಮೊಮ್ಮಕ್ಕಳು ಪಣ ಕಟ್ಟಲಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿಯಲು ಕೂತವರ ನಡುವೆ ಅವರಿಗೊಂದು ಮಣೆ ಹಾಕಿಕೊಟ್ಟರೆ ಟಿವಿಯ ನೆನಪೇ ಆಗಲಿಕ್ಕಿಲ್ಲ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಕಾರ್ಟೂನ್ ಹಚ್ಚದಿದ್ದರೆ ಬಾಯಿ ತೆರೆಯುವುದಿಲ್ಲ. ಅದನ್ನು ನೋಡಿಯೇ ಬಣ್ಣಗಳ ಹೆಸರು, ಒಂದರಿಂದ ಹತ್ತು, ಎಲ್ಲ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಹಾಗಾದರೆ ಒಳ್ಳೆಯದೇ ಅಲ್ಲವೇ?
— ತಾಯಿ, ಯಲ್ಲಾಪುರ

ಉತ್ತರ: ಈ ವಯಸ್ಸಿಗೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಎರಡು ತುಂಬುವವರೆಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿನೊಳಗೆ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಮೂರು ಹೊತ್ತಿನ ಊಟವನ್ನೂ ಕಾರ್ಟೂನಿನ ಮುಂದೆ ಮಾಡಿಸಿದರೆ ಆ ಒಂದು ತಾಸು ಮಧ್ಯಾಹ್ನಕ್ಕೇ ಮುಗಿದಿರುತ್ತದೆ.

ಇಂಗ್ಲಿಷ್ ಕಲಿತದ್ದರ ವಿಷಯಕ್ಕೆ, ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಸಿಯಾಟಲ್‌ನಲ್ಲಿ ಮಾಡಿದ ಪ್ರಯೋಗವನ್ನು ನೋಡಿ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳೊಂದಿಗೆ ಚೀನೀ ಭಾಷೆಯವರು 12 ಸಲ ಆಡಿ ಮಾತಾಡಿದ ಮೇಲೆ ಕೂಸುಗಳು ಆ ಭಾಷೆಯ ಉಚ್ಚಾರಗಳ ವ್ಯತ್ಯಾಸವನ್ನು ಗುರುತಿಸತೊಡಗಿದವು. ಅದೇ ಜನ, ಅದೇ ಮಾತು, ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಇದು 2003ರ ಮಾತು. ನಿಮ್ಮ ಮಗ ದೊಡ್ಡವನು, ಹಾಡಿನಂತೆ ಹತ್ತು ಶಬ್ದ ಹಿಡಿದಿದ್ದಾನೆ, ಸಂತೋಷವೇ. ಆದರೆ ‘ರೆಡ್’ ಎಂದವನಿಗೆ ಅಂಗಳದ ದಾಸವಾಳವೂ ರೆಡ್ ಎಂದು ತೋರಿಸುವವರು ಬೇಕು, ಅದು ಕಾರ್ಟೂನಿನಿಂದ ಆಗದು. ಊಟಕ್ಕೆ ಮಾತ್ರ ಟಿವಿ ಪೂರ್ತಿ ಆರಿಸಿ. ಮೊದಲ ಕೆಲವು ದಿನ ರಂಪ ಮಾಡುತ್ತಾನೆ, ಕಡಿಮೆ ಉಣ್ಣುತ್ತಾನೆ, ಎದೆಗೆಡಬೇಡಿ. ಮನೆಯವರೆಲ್ಲ ಉಣ್ಣುವಾಗ ಅವನಿಗೂ ಒಂದು ಬಟ್ಟಲು ಕೊಟ್ಟು ಕೂರಿಸಿ, ಅನ್ನ ಚೆಲ್ಲಿದರೆ ಚೆಲ್ಲಲಿ.

ಪ್ರಶ್ನೆ: ನಮ್ಮ ಮನೆಮಾತು ಕೊಂಕಣಿ. ಐದನೆಯ ತರಗತಿಯ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವಾಗ ತಡವರಿಸುತ್ತಾಳೆ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ದೋಣಿ ಬಂದ್ ಇರುವ ಎರಡು ತಿಂಗಳು ನಾನೂ ಮನೆಯಲ್ಲೇ ಇರುತ್ತೇನೆ. ಟಿವಿಯಿಂದಲೇ ಅವಳ ಓದು ಸುಧಾರಿಸುವ ದಾರಿ ಇದೆಯೇ?
— ಮೀನುಗಾರರು, ಕಾರವಾರ

ಉತ್ತರ: ಇದೆ, ಮತ್ತು ಅದು ನಮ್ಮ ದೇಶದಲ್ಲೇ ಹುಟ್ಟಿದ ದಾರಿ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಅವರು, ಟಿವಿಯಲ್ಲಿ ಬರುವ ಚಿತ್ರಗೀತೆಗಳ ಸಾಹಿತ್ಯವನ್ನು ಅದೇ ಭಾಷೆಯ ಅಕ್ಷರಗಳಲ್ಲಿ ಕೆಳಗೆ ತೋರಿಸಿ, ಹಾಡುತ್ತಿರುವ ಶಬ್ದದ ಬಣ್ಣ ಬದಲಾಗುವಂತೆ ಮಾಡಿದರೆ, ಓದು ಗಟ್ಟಿಯಿಲ್ಲದವರೂ ತಮಗೆ ತಿಳಿಯದಂತೆಯೇ ಓದತೊಡಗುತ್ತಾರೆಂದು ಯೋಚಿಸಿದರು. 1999ರಲ್ಲಿ ಗುಜರಾತಿ ಹಾಡುಗಳಿಂದ ಶುರುವಾಗಿ ಮುಂದೆ ಹಿಂದಿಯ ಕಾರ್ಯಕ್ರಮಗಳಿಗೂ ಇದು ಬಂತು. ಕಿವಿಗೆ ಮೊದಲೇ ಗೊತ್ತಿರುವ ಶಬ್ದವನ್ನು ಕಣ್ಣು ಹಿಡಿದುಕೊಳ್ಳುವುದರಿಂದ ಮಗುವಿಗೆ ಪ್ರತಿ ಅಕ್ಷರವನ್ನೂ ಕೂಡಿಸಿ ಕೂಡಿಸಿ ಓದುವ ಕಷ್ಟವಿಲ್ಲ. ಭಾಷೆ ಮತ್ತು ಅಕ್ಷರ ಎರಡೂ ಒಂದೇ ಆಗಿರಬೇಕು ಎಂಬುದು ಮುಖ್ಯ, ಕನ್ನಡ ಹಾಡಿಗೆ ಇಂಗ್ಲಿಷ್ ಅನುವಾದ ಕೊಟ್ಟರೆ ಈ ಕೆಲಸ ಆಗುವುದಿಲ್ಲ.

ಯೂಟ್ಯೂಬಿನಲ್ಲಿ ಕನ್ನಡ ಚಿತ್ರಗೀತೆಗಳ ಲಿರಿಕಲ್ ವಿಡಿಯೊಗಳು ಬೇಕಾದಷ್ಟಿವೆ. ಕೆಲವದರಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ, ಅವನ್ನು ಬಿಟ್ಟು ಕನ್ನಡ ಲಿಪಿಯವನ್ನೇ ಆರಿಸಿ. ಅಕ್ಷರ ದೊಡ್ಡದಾಗಿ ಕಾಣಲು ಮೊಬೈಲಿಗಿಂತ ಟಿವಿಯೇ ಲೇಸು. ಜೂನ್ 1ರಿಂದ ಜುಲೈ 31ರವರೆಗೆ ನಿಮಗೆ 61 ದಿನಗಳ ಬಿಡುವಿದೆ. ದಿನಕ್ಕೆ ಎರಡು ಹಾಡು ಸಾಕು, ಮೊದಲ ವಾರ ಅವಳಿಗೆ ಬಾಯಿಪಾಠವಿರುವ ಹಾಡುಗಳೇ ಇರಲಿ. ಎರಡು ಸಲ ಜೊತೆಯಲ್ಲಿ ಹಾಡಿ, ಮೂರನೆಯ ಸಲ ಧ್ವನಿ ನಿಲ್ಲಿಸಿ ಅಕ್ಷರ ನೋಡಿಕೊಂಡು ಅವಳೊಬ್ಬಳೇ ಹಾಡಲಿ. ತಡವರಿಸಿದ ಶಬ್ದಗಳನ್ನು ನೀವು ಒಂದು ಚೀಟಿಯಲ್ಲಿ ಬರೆದಿಟ್ಟು ಮರುದಿನ ಹಾಡಿಗೆ ಮೊದಲು ಅದನ್ನು ಅವಳ ಕೈಗೆ ಕೊಡಿ.